ಕುತ್ತಿಗೆಯ ಗ್ರಂಥಿ, ತಿಂಗಳ ಲೆಕ್ಕ

ಹತ್ತನೇ ತರಗತಿಯ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಮೈನೆರೆದು ಮೂರು ವರ್ಷ ದಾಟಿದೆ. ಹೆಚ್ಚುಕಡಿಮೆ ಲೆಕ್ಕಕ್ಕೆ ಸರಿಯಾಗಿ ಬರುತ್ತಿದ್ದ ಮುಟ್ಟು ಈಗೀಗ ಎರಡು ತಿಂಗಳು, ಮೂರು ತಿಂಗಳು ಪತ್ತೆಯೇ ಇರುವುದಿಲ್ಲ. ಬಂತೆಂದರೆ ಹತ್ತು ದಿನವಾದರೂ ನಿಲ್ಲುವುದಿಲ್ಲ. ಓದಲು ಕೂತರೆ ತೂಕಡಿಕೆ. ಏಪ್ರಿಲ್ ತಿಂಗಳ ಕರಾವಳಿಯ ಸೆಕೆಗೆ ಮನೆಮಂದಿಯೆಲ್ಲ ಬೆವರಿನಲ್ಲಿ ತೊಯ್ದಿದ್ದರೆ ಇವಳು ಫ್ಯಾನ್ ಆರಿಸಿ ಹೊದ್ದು ಮಲಗುತ್ತಾಳೆ. ತಾಯಿ ಆಸ್ಪತ್ರೆಗೆ ಕರೆದೊಯ್ದರೆ ಡಾಕ್ಟರು ಹೊಟ್ಟೆಗಿಂತ ಮೊದಲು ಕುತ್ತಿಗೆ ನೋಡುತ್ತಾರೆ. ಗಂಟಲಿನ ಗಂಟಿನ ಕೆಳಗೆ ಬೆರಳಿಟ್ಟು, ‘ಎಂಜಲು ನುಂಗಮ್ಮ’ ಅನ್ನುತ್ತಾರೆ. ನುಂಗುವಾಗ ಬೆರಳಿನಡಿ ಮೆತ್ತಗಿನದೇನೋ ಮೇಲೆದ್ದು ಇಳಿಯುತ್ತದೆ. ರಕ್ತ ಪರೀಕ್ಷೆಗೆ ಚೀಟಿ ಬರೆಯುತ್ತಾರೆ: ಟಿಎಸ್‌ಎಚ್.

‘ಮುಟ್ಟಿನ ತೊಂದರೆಗೆ ಥೈರಾಯ್ಡ್ ಟೆಸ್ಟ್ ಯಾಕೆ ಡಾಕ್ಟ್ರೇ?’ ಎಂದು ತಾಯಿ ಕೇಳದೆ ಇರಲಾರಳು.

ಕಾರವಾರ ತಾಲ್ಲೂಕಿನ ಮಲ್ಲಾಪುರದಂಥ ಊರಲ್ಲಿ ಈ ಪ್ರಶ್ನೆಯ ಬೆನ್ನಿಗೇ ಇನ್ನೆರಡು ಬರುತ್ತವೆ. ಕೈಗಾ ಅಣುವಿದ್ಯುತ್ ಸ್ಥಾವರದ ನೌಕರರ ವಸತಿ ಇರುವುದು ಇಲ್ಲಿ, ಕಾಳಿ ನದಿಯ ದಂಡೆಯಲ್ಲಿ. ಹಾಗಾಗಿ ಒಂದು: ಇದಕ್ಕೆ ಸ್ಥಾವರ ಕಾರಣವೇ? ಇನ್ನೊಂದು: ಮೀನು ತಿನ್ನುವವರು, ಸಮುದ್ರದ ಉಪ್ಪು ಉಣ್ಣುವವರು ನಾವು, ನಮಗೆಲ್ಲಿಯ ಅಯೋಡಿನ್ ಕೊರತೆ? ಮೂರೂ ಕೇಳಲೇಬೇಕಾದ ಪ್ರಶ್ನೆಗಳು. ಮೂರಕ್ಕೂ ವಿಜ್ಞಾನದಲ್ಲಿ ಉತ್ತರವಿದೆ.

ಮೊದಲ ವರ್ಷಗಳ ಏರುಪೇರು

ಮೊದಲಿಗೆ ಒಂದು ಸಮಾಧಾನದ ಮಾತು. ಮೈನೆರೆದ ಮೊದಲ ಎರಡು ಮೂರು ವರ್ಷ ಮುಟ್ಟು ಹಿಂದೆಮುಂದೆ ಆಗುವುದು ರೋಗವಲ್ಲ. ದೊಡ್ಡವರಲ್ಲಿ 28 ದಿನಕ್ಕೊಮ್ಮೆ ಎನ್ನುವ ಲೆಕ್ಕವಿದ್ದರೂ ಎಳೆಯ ಹುಡುಗಿಯರಲ್ಲಿ 21ರಿಂದ 45 ದಿನಗಳ ನಡುವೆ ಯಾವಾಗ ಬಂದರೂ ವೈದ್ಯರು ಅದನ್ನು ಸಹಜವೆಂದೇ ಎಣಿಸುತ್ತಾರೆ. ಅಂಡಾಶಯ ತಿಂಗಳಿಗೊಂದು ಮೊಟ್ಟೆ ಬಿಡುವುದನ್ನು ರೂಢಿಸಿಕೊಳ್ಳಲು ಅಷ್ಟು ಕಾಲ ಹಿಡಿಯುತ್ತದೆ. ಆದ್ದರಿಂದ ಡೇಟ್ ನಾಲ್ಕು ದಿನ ತಪ್ಪಿತೆಂದು ಆಸ್ಪತ್ರೆಗೆ ಓಡಬೇಕಾಗಿಲ್ಲ.

ಆದರೆ ‘ಈ ವಯಸ್ಸಲ್ಲಿ ಹಾಗೆಯೇ, ಮದುವೆಯಾದ ಮೇಲೆ ಸರಿಹೋಗುತ್ತದೆ’ ಎನ್ನುವ ಮಾತಿದೆಯಲ್ಲ, ಅದು ಅಪಾಯದ್ದು. ಅದನ್ನು ನಂಬಿಕೊಂಡು ವರ್ಷಗಟ್ಟಲೆ ರಕ್ತ ಕಳೆದುಕೊಂಡು ಬಿಳಿಚಿಹೋದ ಹುಡುಗಿಯರಿದ್ದಾರೆ. ಸಹಜ ಏರುಪೇರಿಗೆ ಒಂದು ಎಲ್ಲೆಯಿದೆ. ಆ ಎಲ್ಲೆ ದಾಟಿದವರಲ್ಲಿ ಹುಡುಕಬೇಕಾದ ಕಾರಣಗಳ ಪೈಕಿ ಥೈರಾಯ್ಡ್ ಮುಖ್ಯವಾದದ್ದು. ಅದನ್ನು ಪತ್ತೆ ಮಾಡುವುದೂ ಸುಲಭ, ಸರಿಪಡಿಸುವುದೂ ಸುಲಭ.

1960ರ ಮೂವರು ಹುಡುಗಿಯರು

ಕುತ್ತಿಗೆಯ ಗ್ರಂಥಿ ಸೊರಗಿದರೆ ಮುಟ್ಟು ಕೆಡುತ್ತದೆ ಎನ್ನುವುದು ವೈದ್ಯರಿಗೆ ಹತ್ತೊಂಬತ್ತನೇ ಶತಮಾನದಿಂದಲೇ ಗೊತ್ತಿತ್ತು. ಹೇಗೆ ಎನ್ನುವುದು ಗೊತ್ತಿರಲಿಲ್ಲ. ಸುಳಿವು ಸಿಕ್ಕಿದ್ದು 1960ರಲ್ಲಿ, ಅಮೆರಿಕದ ಜಡ್ಸನ್ ವ್ಯಾನ್ ವೈಕ್ ಮತ್ತು ಮೆಲ್ವಿನ್ ಗ್ರಂಬಾಕ್ ಎಂಬ ಇಬ್ಬರು ಮಕ್ಕಳ ವೈದ್ಯರಿಗೆ. ಅವರ ಮುಂದಿದ್ದವರು ಮೂವರು ಚಿಕ್ಕ ಹುಡುಗಿಯರು. ಮೂವರ ಥೈರಾಯ್ಡೂ ಬಹುಕಾಲದಿಂದ ಕೆಲಸ ಮಾಡುತ್ತಿರಲಿಲ್ಲ, ಬೆಳವಣಿಗೆ ಕುಂಠಿತವಾಗಿತ್ತು. ಅಂಥವರಲ್ಲಿ ಮೈನೆರೆಯುವುದು ತಡವಾಗಬೇಕು. ಇವರಿಗೋ, ವಯಸ್ಸಿಗೆ ಮುಂಚೆಯೇ ಮುಟ್ಟು ಶುರುವಾಗಿತ್ತು. ಅದಕ್ಕಿಂತ ಆಶ್ಚರ್ಯವೆಂದರೆ ಎದೆಯಿಂದ ಹಾಲು ಒಸರುತ್ತಿತ್ತು.

ವೈದ್ಯರು ಕೊಟ್ಟದ್ದು ಥೈರಾಯ್ಡ್ ಔಷಧ ಮಾತ್ರ. ಹಾಲು ನಿಂತಿತು, ಅಕಾಲದ ಮುಟ್ಟೂ ನಿಂತಿತು.

ಇದರಿಂದ ಅವರು ಒಂದು ಊಹೆಗೆ ಬಂದರು. ಥೈರಾಯ್ಡನ್ನು ಎಬ್ಬಿಸಲೆಂದು ಮಿದುಳಿನ ಕಡೆಯಿಂದ ಹೊರಡುವ ಆಜ್ಞೆ ಅತಿಯಾದಾಗ ಅದು ಸಂಬಂಧಪಡದ ಬೇರೆ ಗ್ರಂಥಿಗಳಿಗೂ ತಗಲುತ್ತಿರಬೇಕು. ಊಹೆ ಸರಿಯಿತ್ತು. ಸಾಕ್ಷ್ಯಕ್ಕೆ ಹತ್ತು ವರ್ಷ ಕಾಯಬೇಕಾಯಿತು.

ಟ್ಯಾಂಕಿನ ಮೇಲಿಂದ ಬಂದ ಕೂಗು

ಥೈರಾಯ್ಡ್ ತನ್ನಷ್ಟಕ್ಕೆ ಕೆಲಸ ಮಾಡುವುದಿಲ್ಲ. ಅದರ ಮೇಲೆ ಇಬ್ಬರು ಮೇಲಧಿಕಾರಿಗಳು. ಮಿದುಳಿನ ತಳದಲ್ಲಿ ಹೈಪೊಥಲಾಮಸ್ ಎಂಬ ಭಾಗವಿದೆ. ರಕ್ತದಲ್ಲಿ ಥೈರಾಯ್ಡ್ ರಸ ಕಡಿಮೆಯಾದದ್ದು ಅದಕ್ಕೆ ತಿಳಿಯುತ್ತದೆ. ಆಗ ಅದು ಟಿಆರ್‌ಎಚ್ ಎನ್ನುವ ‘ಕರೆರಸ’ವನ್ನು ಸ್ರವಿಸುತ್ತದೆ. ಅದರ ಕೆಳಗೇ ಕಡಲೆಕಾಳಿನ ಗಾತ್ರದ ಪಿಟ್ಯುಟರಿ ಗ್ರಂಥಿ. ಕರೆ ತಲುಪಿದ ಕೂಡಲೇ ಅದು ಟಿಎಸ್‌ಎಚ್ ಎನ್ನುವ ‘ಒತ್ತಾಯರಸ’ವನ್ನು ರಕ್ತಕ್ಕೆ ಬಿಡುತ್ತದೆ. ಥೈರಾಯ್ಡ್ ಚುರುಕಾಗುತ್ತದೆ. ಬೇಕಾದಷ್ಟು ರಸ ತಯಾರಾದೊಡನೆ ಮೇಲಿನವರಿಬ್ಬರೂ ಸುಮ್ಮನಾಗುತ್ತಾರೆ.

ಮನೆಯ ತಾರಸಿಯ ಟ್ಯಾಂಕ್ ತುಂಬಿಸುವುದನ್ನು ನೆನೆಯಿರಿ. ಮೇಲೆ ನಿಂತವನು ಟ್ಯಾಂಕ್ ಖಾಲಿಯಾದದ್ದು ಕಂಡು ‘ಮೋಟರ್ ಹಾಕು’ ಎಂದು ಕೂಗುತ್ತಾನೆ. ಕೆಳಗಿದ್ದವರು ಬಟನ್ ಒತ್ತುತ್ತಾರೆ, ನೀರು ಏರುತ್ತದೆ, ಕೂಗು ನಿಲ್ಲುತ್ತದೆ. ಮೋಟರೇ ಕೆಟ್ಟಿದ್ದರೆ? ನೀರು ಬರುವುದಿಲ್ಲ, ಅವನು ಕೂಗುವುದು ಬಿಡುವುದಿಲ್ಲ. ದನಿ ಏರುತ್ತಲೇ ಹೋಗುತ್ತದೆ. ಕೊನೆಗೆ ಆ ಕೂಗು ಪಕ್ಕದ ಮನೆಗೂ ಕೇಳಿಸುತ್ತದೆ. ಅಲ್ಲಿಯವರು ತಮಗೇ ಹೇಳಿದ್ದೆಂದು ತಮ್ಮ ಮೋಟರ್ ಹಾಕಿಬಿಡುತ್ತಾರೆ. ಅವರ ಟ್ಯಾಂಕ್ ಮೊದಲೇ ತುಂಬಿತ್ತು. ನೀರು ಉಕ್ಕಿ ಅಂಗಳಕ್ಕೆ ಹರಿಯುತ್ತದೆ.

ದೇಹದಲ್ಲಿ ಆ ಪಕ್ಕದ ಮನೆ ಯಾವುದು? ಪಿಟ್ಯುಟರಿಯಲ್ಲೇ ಇರುವ, ಪ್ರೊಲ್ಯಾಕ್ಟಿನ್ ಎನ್ನುವ ‘ಹಾಲುರಸ’ ತಯಾರಿಸುವ ಕೋಶಗಳು. ಬಾಣಂತಿಯ ಎದೆಯಲ್ಲಿ ಹಾಲು ತುಂಬಿಸುವುದು ಈ ರಸವೇ. ಟಿಎಸ್‌ಎಚ್ ತಯಾರಿಸುವ ಕೋಶಗಳ ನೆರೆಯಲ್ಲೇ ಅವು ಇರುತ್ತವೆ, ಕರೆರಸಕ್ಕೆ ಓಗೊಡುವ ಗುಣ ಅವಕ್ಕೂ ಇದೆ. ಥೈರಾಯ್ಡ್ ಸರಿಯಿದ್ದಾಗ ಕರೆರಸ ಅಳತೆಯಲ್ಲೇ ಇರುವುದರಿಂದ ಇದು ಗಮನಕ್ಕೇ ಬರುವುದಿಲ್ಲ. ಥೈರಾಯ್ಡ್ ಸೊರಗಿ ಕರೆರಸ ಮಿತಿಮೀರಿದಾಗ ಹಾಲುರಸವೂ ಏರುತ್ತದೆ.

ಈ ಕರೆರಸವನ್ನು ಹಿಡಿದವರ ಸಾಹಸ ದೊಡ್ಡದು. ಹ್ಯೂಸ್ಟನ್ನಿನಲ್ಲಿದ್ದ ರೋಜರ್ ಗಿಯೆಮಾ ಕಸಾಯಿಖಾನೆಗಳಿಂದ ಲಕ್ಷಾಂತರ ಕುರಿಗಳ ಮಿದುಳಿನ ಚೂರು ತರಿಸಿ ಶೋಧಿಸಿದರು. ನ್ಯೂ ಆರ್ಲಿಯನ್ಸಿನ ಆಂಡ್ರ್ಯೂ ಶಾಲಿ ಅದನ್ನೇ ಹಂದಿಗಳ ಮಿದುಳಿನಲ್ಲಿ ಹುಡುಕಿದರು. ಜಿದ್ದಿನ ಪೈಪೋಟಿ. 1969ರಲ್ಲಿ ಇಬ್ಬರ ತಂಡಕ್ಕೂ ಗುಟ್ಟು ಸಿಕ್ಕಿತು: ಬರೇ ಮೂರು ಅಮೈನೊ ಆಮ್ಲಗಳ ಪುಟ್ಟ ಕಣ. ಅದನ್ನು ಚುಚ್ಚಿದರೆ ಪ್ರೊಲ್ಯಾಕ್ಟಿನ್ ಕೂಡ ಏರುತ್ತದೆ ಎನ್ನುವುದು 1971ರ ಹೊತ್ತಿಗೆ ಖಚಿತವಾಯಿತು. 1977ರ ನೊಬೆಲ್ ಪ್ರಶಸ್ತಿಯನ್ನು ಇವರಿಬ್ಬರು ರೊಸಾಲಿನ್ ಯಾಲೊ ಎಂಬ ವಿಜ್ಞಾನಿಯ ಜೊತೆ ಹಂಚಿಕೊಂಡರು. ರಕ್ತದಲ್ಲಿ ಅತ್ಯಲ್ಪವಾಗಿರುವ ಹಾರ್ಮೋನುಗಳನ್ನೂ ಅಳೆಯುವ ವಿಧಾನ ಯಾಲೊ ಅವರದು. ಇಂದು ಸಣ್ಣ ಊರಿನ ಲ್ಯಾಬಿನಲ್ಲೂ ಟಿಎಸ್‌ಎಚ್ ಅಳೆಯಲು ಸಾಧ್ಯವಾಗಿರುವುದು ಅವರು ತೋರಿದ ದಾರಿಯಿಂದ.

ಬಾಣಂತಿಯಲ್ಲದ ಬಾಣಂತಿ

ಮಗುವಿಗೆ ಹಾಲೂಡಿಸುತ್ತಿರುವಷ್ಟು ಕಾಲ ಮುಟ್ಟು ತಡವಾಗುವುದು ಎಲ್ಲ ಅಜ್ಜಿಯರಿಗೂ ಗೊತ್ತು. ಕಾರಣ ಪ್ರೊಲ್ಯಾಕ್ಟಿನ್. ಅಂಡಾಶಯಕ್ಕೆ ಮೊಟ್ಟೆ ಬೆಳೆಸುವ ಸೂಚನೆ ಹೊರಡುವುದೂ ಹೈಪೊಥಲಾಮಸ್‌ನಿಂದಲೇ. ಆ ಸೂಚನೆ ಗಂಟೆಗೋ ಒಂದೂವರೆ ಗಂಟೆಗೋ ಒಮ್ಮೆ ಮಿಡಿತವಾಗಿ ಬರುತ್ತದೆ. ಪ್ರೊಲ್ಯಾಕ್ಟಿನ್ ಏರಿದರೆ ಆ ಮಿಡಿತ ಕುಗ್ಗುತ್ತದೆ. ಕೈಗೂಸು ಇರುವಾಗ ಇನ್ನೊಂದು ಬಸಿರು ಬೇಡವೆಂದು ದೇಹ ಮಾಡಿಕೊಂಡ ಏರ್ಪಾಡು ಇದು.

ಥೈರಾಯ್ಡ್ ಸೊರಗಿದ ಹದಿನೈದರ ಹುಡುಗಿಯಲ್ಲಿ ಅದೇ ಏರ್ಪಾಡು ಕಾರಣವಿಲ್ಲದೆ ಜಾರಿಗೆ ಬರುತ್ತದೆ. ಮಿಡಿತ ಕುಗ್ಗಿ ಮೊಟ್ಟೆ ಹೊರಬೀಳುವುದಿಲ್ಲ. ಮುಟ್ಟು ಮುಂದಕ್ಕೆ ಹೋಗುತ್ತದೆ.

ಹಾಗಾದರೆ ಬಂದಾಗ ಅಷ್ಟೊಂದು ಹೋಗುವುದೇಕೆ? ತಿಂಗಳ ಮೊದಲರ್ಧದಲ್ಲಿ ಈಸ್ಟ್ರೋಜೆನ್ ಗರ್ಭಕೋಶದ ಒಳಪದರವನ್ನು ದಪ್ಪವಾಗಿ ಬೆಳೆಸುತ್ತದೆ. ಮೊಟ್ಟೆ ಹೊರಬಿದ್ದ ಮೇಲೆ ಪ್ರೊಜೆಸ್ಟೆರಾನ್ ಬಂದು ಆ ಪದರವನ್ನು ಹದಗೊಳಿಸಿ ನಿಲ್ಲಿಸುತ್ತದೆ. ಎರಡು ವಾರದ ನಂತರ ಅದು ಇಳಿದಾಗ ಪದರ ಒಟ್ಟಿಗೆ ಕಳಚಿ ನಾಲ್ಕೈದು ದಿನದಲ್ಲಿ ಮುಗಿಯುತ್ತದೆ. ಮೊಟ್ಟೆಯೇ ಬಿಡದಿದ್ದರೆ ಪ್ರೊಜೆಸ್ಟೆರಾನ್ ಇಲ್ಲ. ಪದರ ಹದವಿಲ್ಲದೆ ಬೆಳೆಯುತ್ತಲೇ ಹೋಗಿ ಒಂದು ದಿನ ಎಲ್ಲೆಂದರಲ್ಲಿ ಬಿಟ್ಟುಬಿಟ್ಟು ಉದುರಲು ಶುರುವಾಗುತ್ತದೆ. ಅದಕ್ಕೇ ಹತ್ತು ದಿನದ ಸ್ರಾವ. ಜೊತೆಗೆ ಥೈರಾಯ್ಡ್ ರಸ ಕಡಿಮೆಯಿದ್ದಾಗ ರಕ್ತ ಹೆಪ್ಪುಗಟ್ಟಿಸುವ ಕೆಲವು ಅಂಶಗಳೂ ಕಡಿಮೆಯಾಗುತ್ತವೆ.

ಇಲ್ಲಿಂದ ಇನ್ನೊಂದು ಸುಳಿ ಶುರುವಾಗುತ್ತದೆ. ಥೈರಾಯ್ಡ್ ರಸ ತಯಾರಿಸುವ ಕಿಣ್ವಕ್ಕೆ ಕಬ್ಬಿಣ ಬೇಕು. ರಕ್ತ ಹೋದಷ್ಟೂ ಕಬ್ಬಿಣ ಕಡಿಮೆ, ಕಬ್ಬಿಣ ಕಡಿಮೆಯಾದಷ್ಟೂ ಥೈರಾಯ್ಡ್ ಇನ್ನಷ್ಟು ನಿಧಾನ. ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರ ಪೈಕಿ ಶೇಕಡಾ 59 ಮಂದಿಗೆ ರಕ್ತಹೀನತೆಯಿದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಆ ಸಂಖ್ಯೆಯ ಎದುರು ಈ ಸುಳಿಯನ್ನು ಹಗುರವಾಗಿ ಕಾಣಲಾಗದು.

ಥೈರಾಯ್ಡ್ ಅತಿಯಾಗಿ ಕೆಲಸ ಮಾಡಿದರೂ ಮುಟ್ಟು ಕೆಡುತ್ತದೆ. ಆಗ ಸ್ರಾವ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಎದೆ ಢವಢವ, ಕೈ ನಡುಕ, ತಿಂದರೂ ತೂಕ ಇಳಿಯುವುದು ಅದರ ಲಕ್ಷಣ.

ಸಮುದ್ರದ ದಂಡೆಯಲ್ಲಿ ಅಯೋಡಿನ್ ಕೊರತೆ

ಮೋಟರ್ ಕೆಡುವುದೇಕೆ? ಹಳೆಯ ಕಾಲದ ಉತ್ತರ ಅಯೋಡಿನ್. ಥೈರಾಯ್ಡ್ ರಸದ ಪ್ರತಿ ಕಣಕ್ಕೆ ಮೂರೋ ನಾಲ್ಕೋ ಅಯೋಡಿನ್ ಪರಮಾಣು ಬೇಕು. ಅದು ಸಿಗದಿದ್ದರೆ ಗ್ರಂಥಿ ಹಿಗ್ಗಿ ಗಳಗಂಡವಾಗುತ್ತದೆ. ಮೈನೆರೆಯುವ ವಯಸ್ಸಿನಲ್ಲಿ ಬೇಡಿಕೆ ಏರುವುದರಿಂದ ಹುಡುಗಿಯರಲ್ಲೇ ಇದು ಹೆಚ್ಚು. 1917ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಡೇವಿಡ್ ಮರೀನ್ ಮತ್ತು ಕಿಂಬಾಲ್ ತಮ್ಮ ಪ್ರಯೋಗಕ್ಕೆ ಶಾಲಾ ಹುಡುಗಿಯರನ್ನೇ ಆರಿಸಿಕೊಂಡದ್ದೂ ಅದಕ್ಕೇ. ಅಯೋಡಿನ್ ಸೇವಿಸಿದ ಎರಡು ಸಾವಿರಕ್ಕೂ ಹೆಚ್ಚು ಹುಡುಗಿಯರಲ್ಲಿ ಗ್ರಂಥಿ ಹಿಗ್ಗಿದ್ದು 5 ಮಂದಿಗೆ. ಸೇವಿಸದ ಸುಮಾರು ಅಷ್ಟೇ ಹುಡುಗಿಯರಲ್ಲಿ 495 ಮಂದಿಗೆ. ಉಪ್ಪಿಗೆ ಅಯೋಡಿನ್ ಬೆರೆಸುವ ಪದ್ಧತಿ ಬೆಳೆದದ್ದು ಈ ಫಲಿತಾಂಶದ ಮೇಲೆ. ಭಾರತದಲ್ಲಿ ವಿ. ರಾಮಲಿಂಗಸ್ವಾಮಿಯವರು 1956ರಿಂದ ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ ಇದನ್ನೇ ಪರೀಕ್ಷಿಸಿ ತೋರಿಸಿದರು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು.

ಇನ್ನು ಕರಾವಳಿಯ ಪ್ರಶ್ನೆ. ಕಾರವಾರದ ನೆರೆಯ ಅಂಕೋಲೆಗೆ ಉಪ್ಪೆಂದರೆ ಬರೇ ಅಡುಗೆಯ ವಸ್ತುವಲ್ಲ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾನೂನು ಮುರಿದ ನೆಲ ಅದು. ಅಲ್ಲಿಂದ ಗೋಕರ್ಣದ ಕಡೆಗೆ ಹೋದರೆ ಸಾಣಿಕಟ್ಟೆಯ ಉಪ್ಪಿನ ಆಗರಗಳು. ಮಳೆಗಾಲಕ್ಕೆ ಮುಂಚೆ ಹರಳುಪ್ಪು ತಂದು ಮರಿಗೆಯಲ್ಲಿ ತುಂಬಿಡುವ ರೂಢಿ ಈ ಸೀಮೆಯ ಮನೆಗಳಲ್ಲಿ ಹಳೆಯದು. ಸಮುದ್ರದ ಉಪ್ಪಿನಲ್ಲಿ ಅಯೋಡಿನ್ ಇದ್ದೇ ಇರುತ್ತದೆ ಎನ್ನುವ ನಂಬಿಕೆಯೂ ಅಷ್ಟೇ ಹಳೆಯದು.

ಲೆಕ್ಕ ಹಾಕಿ ನೋಡಬಹುದು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಉಪ್ಪು ಸುಮಾರು 35 ಗ್ರಾಂ, ಅಯೋಡಿನ್ ಸುಮಾರು 60 ಮೈಕ್ರೊಗ್ರಾಂ. ಅಷ್ಟೂ ಅಯೋಡಿನ್ ಹರಳಿನಲ್ಲೇ ಉಳಿಯಿತು ಎಂದುಕೊಂಡರೂ ದಿನಕ್ಕೆ 10 ಗ್ರಾಂ ಉಪ್ಪು ತಿನ್ನುವವರಿಗೆ ಸಿಗುವುದು 17 ಮೈಕ್ರೊಗ್ರಾಂ. ಹದಿಹರೆಯದವರಿಗೆ ಬೇಕಾದದ್ದು ದಿನಕ್ಕೆ 150. ನಿಜದಲ್ಲಿ ಆ ಹದಿನೇಳೂ ಉಳಿಯುವುದಿಲ್ಲ. ಬಹುಪಾಲು ಆಗರದಲ್ಲಿ ಕೊನೆಗೆ ಉಳಿಯುವ ಕಹಿನೀರಿನ ಜೊತೆ ಹೋಗುತ್ತದೆ. ಅಯೋಡಿನ್ ಬೆರೆಸಿದ ಉಪ್ಪಿನಲ್ಲಿ ಕೊಳ್ಳುವವರ ಕೈಗೆ ಬರುವಾಗ ಹತ್ತು ಲಕ್ಷ ಭಾಗಕ್ಕೆ ಕನಿಷ್ಠ 15 ಭಾಗ ಇರಬೇಕು ಎನ್ನುವುದು ಕಾನೂನು. ಅಂದರೆ 10 ಗ್ರಾಮಿನಲ್ಲಿ 150 ಮೈಕ್ರೊಗ್ರಾಂ. ಊಟಕ್ಕೆ ಬಳಸಲು ಅಯೋಡಿನ್ ಇಲ್ಲದ ಉಪ್ಪಿನ ಮಾರಾಟವನ್ನು 2006ರಿಂದ ನಿಷೇಧಿಸಿರುವುದರ ಹಿಂದೆ ಈ ಗಣಿತವಿದೆ. ಸಮುದ್ರದ ಮೀನು, ಸಿಗಡಿಯಲ್ಲಿ ಅಯೋಡಿನ್ ಇರುವುದು ನಿಜ. ಆದರೆ ಮೀನು ತಿನ್ನದ ಮನೆಗಳೂ ಇವೆ, ಮಳೆಗಾಲದಲ್ಲಿ ಮೀನುಗಾರಿಕೆ ನಿಲ್ಲುವ ತಿಂಗಳುಗಳೂ ಇವೆ.

ಉಪ್ಪಿನಲ್ಲಿ ಅಯೋಡಿನ್ ಇದೆಯೇ ಎಂದು ತಿಳಿಯಲು ಆರೋಗ್ಯ ಕಾರ್ಯಕರ್ತರ ಬಳಿ ಪುಟ್ಟ ಕಿಟ್ ಇರುತ್ತದೆ. ಚಮಚದಷ್ಟು ಉಪ್ಪು ಹರಡಿ ಒಂದು ಹನಿ ಬಿಟ್ಟರೆ ಸಾಕು. ಅಯೋಡಿನ್ ಇದ್ದರೆ ಹನಿ ಬಿದ್ದಲ್ಲಿ ನೇರಳೆ ಬಣ್ಣ ಮೂಡುತ್ತದೆ, ಇಲ್ಲದಿದ್ದರೆ ಉಪ್ಪು ಬಿಳಿಯಾಗಿಯೇ ಉಳಿಯುತ್ತದೆ. ಒಲೆಯ ಪಕ್ಕದಲ್ಲಿ ಬಾಯಿ ತೆರೆದಿಟ್ಟ ಡಬ್ಬಿಯ ಉಪ್ಪಿನಲ್ಲಿ, ಅದೂ ಕರಾವಳಿಯ ತೇವದ ಹವೆಯಲ್ಲಿ, ಬಣ್ಣ ತೆಳುವಾಗುತ್ತ ಹೋಗುತ್ತದೆ. ಮುಚ್ಚಳ ಬಿಗಿಯಾಗಿರುವ ಡಬ್ಬಿ ಇದಕ್ಕೆ ಮದ್ದು.

ಇಷ್ಟಾದರೂ ಇಂದಿನ ಹುಡುಗಿಯರಲ್ಲಿ ಥೈರಾಯ್ಡ್ ಸೊರಗಲು ಮುಖ್ಯ ಕಾರಣ ಅಯೋಡಿನ್ ಕೊರತೆಯಲ್ಲ. ಅಯೋಡಿನ್ ಉಪ್ಪು ತಲುಪಿದ ಕಡೆಗಳಲ್ಲಿ ಮುಂದೆ ಬಂದು ನಿಂತಿರುವುದು 1912ರಲ್ಲಿ ಜಪಾನಿನ ಹಕಾರು ಹಶಿಮೊಟೊ ನಾಲ್ವರು ಹೆಂಗಸರಲ್ಲಿ ಗುರುತಿಸಿದ ಕಾಯಿಲೆ. ರೋಗಾಣುಗಳ ಮೇಲೆ ಬೀಳಬೇಕಾದ ರಕ್ಷಣಾ ಕಣಗಳು ಸ್ವಂತ ಥೈರಾಯ್ಡನ್ನೇ ಪರಕೀಯವೆಂದು ತಿಳಿದು ನಿಧಾನವಾಗಿ ಹಾಳುಗೆಡವುತ್ತವೆ. ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಲ್ಲಿ ಇದು ಹಲವು ಪಟ್ಟು ಹೆಚ್ಚು. ತಾಯಿ, ಚಿಕ್ಕಮ್ಮ, ಅಜ್ಜಿ ಯಾರಿಗಾದರೂ ಥೈರಾಯ್ಡ್ ತೊಂದರೆ ಇದ್ದರೆ ಡಾಕ್ಟರಿಗೆ ಹೇಳಲೇಬೇಕು.

ಕೈಗಾದ ಪ್ರಶ್ನೆ

ಕೈಗಾದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಮೊದಲೆರಡು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಿದ್ಯುತ್ ಉತ್ಪಾದನೆಗೆ ಬಂದವು. ಸ್ಥಾವರದ ನೆರಳಿನಲ್ಲಿ ಮಕ್ಕಳನ್ನು ಬೆಳೆಸುವವರ ಆತಂಕವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಅದಕ್ಕೆ ಆಧಾರವಿದೆ: 1986ರ ಚೆರ್ನೊಬಿಲ್ ದುರಂತ. ಅಂದು ಗಾಳಿಗೆ ಸೇರಿದ ವಿಕಿರಣಶೀಲ ಅಯೋಡಿನ್ ಹುಲ್ಲಿಗೆ, ಹುಲ್ಲಿನಿಂದ ಹಾಲಿಗೆ, ಹಾಲಿನಿಂದ ಮಕ್ಕಳ ಥೈರಾಯ್ಡಿಗೆ ಹೋಯಿತು. ಗ್ರಂಥಿಗೆ ಒಳ್ಳೆಯ ಅಯೋಡಿನ್, ಕೆಟ್ಟ ಅಯೋಡಿನ್ ಎಂಬ ಭೇದ ತಿಳಿಯದು. ಕೆಲವು ವರ್ಷಗಳ ನಂತರ ಬೆಲಾರೂಸ್, ಉಕ್ರೇನ್ ಮಕ್ಕಳಲ್ಲಿ ಥೈರಾಯ್ಡ್ ಕ್ಯಾನ್ಸರ್ ಏರಿತು. ಅಣುದುರಂತದ ಸಂದರ್ಭದಲ್ಲಿ ಪೊಟ್ಯಾಸಿಯಂ ಅಯೋಡೈಡ್ ಮಾತ್ರೆ ಕೊಡುವುದು ಇದಕ್ಕಾಗಿಯೇ. ಒಳ್ಳೆಯ ಅಯೋಡಿನ್ ಮೊದಲೇ ತುಂಬಿದ್ದರೆ ಕೆಟ್ಟದ್ದಕ್ಕೆ ಜಾಗವಿರುವುದಿಲ್ಲ. ದಿನನಿತ್ಯ ನುಂಗುವ ಮಾತ್ರೆ ಅದಲ್ಲ, ಥೈರಾಯ್ಡ್ ಸೊರಗಿದವರಿಗೆ ಔಷಧವೂ ಅಲ್ಲ.

2009ರ ನವೆಂಬರಿನಲ್ಲಿ ಕೈಗಾದಲ್ಲಿ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಸೇರಿ ಹಲವು ನೌಕರರ ಮೂತ್ರದಲ್ಲಿ ಕಾಣಿಸಿಕೊಂಡಿತ್ತು. ಗಂಭೀರ ಸಂಗತಿಯೇ. ಆದರೆ ಟ್ರಿಟಿಯಂ ಜಲಜನಕದ ಒಂದು ರೂಪ. ಅದು ನೀರಿನ ಜೊತೆ ಮೈಯೆಲ್ಲ ಹರಡಿ ಮೂತ್ರದಲ್ಲಿ, ಬೆವರಿನಲ್ಲಿ ಹೊರಹೋಗುತ್ತದೆಯೇ ವಿನಾ ಥೈರಾಯ್ಡಿನಲ್ಲಿ ಶೇಖರವಾಗುವುದಿಲ್ಲ.

ಹಶಿಮೊಟೊ ಕಾಯಿಲೆ ಅಣುಸ್ಥಾವರವೇ ಇಲ್ಲದ ಊರುಗಳಲ್ಲೂ ಹೇರಳವಾಗಿದೆ. ಮಲ್ಲಾಪುರದ ಒಬ್ಬ ಹುಡುಗಿಗೆ ಟಿಎಸ್‌ಎಚ್ ಏರಿದೆ ಎಂದ ಮಾತ್ರಕ್ಕೆ ಅದು ಕೈಗಾದಿಂದ ಬಂತೆನ್ನಲು ಆಗುವುದಿಲ್ಲ. ಸ್ಥಾವರದ ಮೇಲಿನ ನಿಗಾ ಮುಂದುವರಿಯಬೇಕು, ಅಳತೆಯ ಅಂಕಿಗಳು ಊರವರಿಗೆ ಸಿಗುತ್ತಿರಬೇಕು. ಆ ಚರ್ಚೆ ಮುಗಿಯುವವರೆಗೆ ಹುಡುಗಿಯ ಚಿಕಿತ್ಸೆ ಕಾಯುವಂತಾಗಬಾರದು, ಅಷ್ಟೇ.

ಒಂದು ಪರೀಕ್ಷೆ, ಒಂದು ಮಾತ್ರೆ

ಟಿಎಸ್‌ಎಚ್ ಏರಿದೆ ಎಂದರೆ ಮೇಲಿನವನ ಕೂಗು ಜೋರಾಗಿದೆ ಎಂದರ್ಥ. ಜೊತೆಗೆ ಥೈರಾಕ್ಸಿನ್, ಅಂದರೆ ಥೈರಾಯ್ಡ್ ರಸದ, ಮಟ್ಟವೂ ಇಳಿದಿದ್ದರೆ ಮೋಟರ್ ಕೆಟ್ಟಿರುವುದು ಖಚಿತ. ಅಲ್ಪಸ್ವಲ್ಪ ಏರಿಕೆಯಷ್ಟೇ ಇದ್ದರೆ ಹದಿಹರೆಯದಲ್ಲಿ ಅದು ತಾನಾಗಿ ಇಳಿಯುವುದೂ ಉಂಟು. ಅಂಥ ಕಡೆ ತಿಳಿದ ವೈದ್ಯರು ಮಾತ್ರೆಗೆ ಅವಸರಿಸದೆ ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷಿಸುತ್ತಾರೆ.

ಪರೀಕ್ಷೆ ಮಾಡಿಸದೆ ಇರುವುದರಲ್ಲಿ ಇನ್ನೊಂದು ತೊಡಕಿದೆ. ಮುಟ್ಟು ತಪ್ಪಿದ ಹುಡುಗಿಗೆ ಸ್ಕ್ಯಾನ್ ಮಾಡಿಸಿ, ಅಂಡಾಶಯದಲ್ಲಿ ನೀರುಗುಳ್ಳೆ ಕಂಡೊಡನೆ ‘ಪಿಸಿಒಡಿ’ ಎಂಬ ಹಣೆಪಟ್ಟಿ ಅಂಟಿಸುವುದು ಈಗ ಸಾಮಾನ್ಯವಾಗಿಬಿಟ್ಟಿದೆ. ಥೈರಾಯ್ಡ್ ತೀರಾ ಸೊರಗಿದಾಗಲೂ ಅಂಥದೇ ಗುಳ್ಳೆಗಳು ಕಾಣಬಹುದು. ಥೈರಾಯ್ಡ್ ಸರಿಪಡಿಸಿದರೆ ಅವು ಕರಗುತ್ತವೆ. ಥೈರಾಯ್ಡ್, ಪ್ರೊಲ್ಯಾಕ್ಟಿನ್ ನೋಡದೆ ಆ ಪಟ್ಟಿ ಹಚ್ಚಬಾರದೆಂದು ವೈದ್ಯಕೀಯ ಮಾರ್ಗಸೂಚಿಗಳೇ ಹೇಳುತ್ತವೆ. ಮುಟ್ಟು ಬರಿಸುವ ಹಾರ್ಮೋನು ಮಾತ್ರೆಯಿಂದ ಆ ತಿಂಗಳ ಲೆಕ್ಕ ಸರಿಹೋಗಬಹುದು, ಕೆಟ್ಟ ಮೋಟರ್ ಕೆಟ್ಟೇ ಇರುತ್ತದೆ.

ಚಿಕಿತ್ಸೆ ಸರಳ. ಗ್ರಂಥಿ ತಯಾರಿಸಬೇಕಿದ್ದ ಥೈರಾಕ್ಸಿನ್ನನ್ನೇ ಪುಟ್ಟ ಮಾತ್ರೆಯಾಗಿ ಬೆಳಿಗ್ಗೆ ಖಾಲಿ ಹೊಟ್ಟೆಗೆ ನೀರಿನ ಜೊತೆ ನುಂಗುವುದು. ಚಹಾ, ತಿಂಡಿ ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ಇದರ ಜೊತೆ ನುಂಗಬಾರದು. ಹೊಟ್ಟೆಯಲ್ಲಿ ಎರಡೂ ಅಂಟಿಕೊಂಡು ಥೈರಾಕ್ಸಿನ್ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ನಡುವೆ ನಾಲ್ಕು ಗಂಟೆ ಅಂತರವಿದ್ದರೆ ಎರಡೂ ಕೆಲಸ ಮಾಡುತ್ತವೆ. ಕ್ಯಾಲ್ಸಿಯಂ ಮಾತ್ರೆಗೂ ಇದೇ ನಿಯಮ. ಆರರಿಂದ ಎಂಟು ವಾರದಲ್ಲಿ ಮತ್ತೆ ರಕ್ತ ಪರೀಕ್ಷಿಸಿ ಅಳತೆ ಸರಿಮಾಡುತ್ತಾರೆ. ಕಾರಣ ಥೈರಾಯ್ಡೇ ಆಗಿದ್ದರೆ ಕೆಲವು ತಿಂಗಳಲ್ಲಿ ಮುಟ್ಟು ಹಳಿಗೆ ಬರುತ್ತದೆ.

ತಾಯಂದಿರು, ಶಿಕ್ಷಕಿಯರು ಮಾಡಬೇಕಾದದ್ದು ಇಷ್ಟೇ. ಮುಟ್ಟು ಬಂದ ದಿನ, ನಿಂತ ದಿನ ಎರಡನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಹುಡುಗಿಗೆ ಕಲಿಸಿ. ಮೂರು ತಿಂಗಳು ಬಾರದಿದ್ದರೆ, 21 ದಿನಕ್ಕಿಂತ ಮುಂಚೆ ಮತ್ತೆ ಮತ್ತೆ ಬಂದರೆ, ಏಳು ದಿನ ದಾಟಿದರೂ ನಿಲ್ಲದಿದ್ದರೆ, ಗಂಟೆ ಎರಡು ಗಂಟೆಗೆ ಪ್ಯಾಡ್ ತೊಯ್ದುಹೋದರೆ, 15 ತುಂಬಿದರೂ ಮೈನೆರೆಯದಿದ್ದರೆ ತಡಮಾಡಬೇಡಿ. ಎತ್ತರ ಬೆಳೆಯುವುದು ನಿಂತಿದೆ, ಮಲಬದ್ಧತೆಯಿದೆ, ಚಳಿ ತಡೆಯುವುದಿಲ್ಲ ಎಂದಿದ್ದರೆ ಅದನ್ನೂ ಹೇಳಿ. ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್ ಹದಿಹರೆಯದವರಿಗಾಗಿಯೇ ಇದೆ, ಕಾರವಾರದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ. ಟಿಎಸ್‌ಎಚ್ ಪರೀಕ್ಷೆ ಬೇಕೇ ಎಂದು ನೀವಾಗಿಯೇ ಕೇಳಿ. ಮಾತ್ರೆ ಶುರುವಾದ ಮೇಲೆ, ‘ಮುಟ್ಟು ಸರಿಯಾಯಿತಲ್ಲ’ ಎಂದು ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.